ಕ್ಲೌಡ್ ಸರ್ವರ್ ‘ಅನುಮತಿ ಇಲ್ಲ’ ಎಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಒಂದೇ ಬಗೆಯ ತೊಡಕನ್ನು ಹೇಳಿಕೊಂಡ ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬಾಡಿಗೆ ಕಟ್ಟಿ ಪಡೆದ ಸರ್ವರ್, ತಾವೇ ಏರಿಸಿದ ಫೈಲು, ಆದರೂ ಪರದೆಯ ಮೇಲೆ ‘ಅನುಮತಿ ಇಲ್ಲ’ ಎಂಬ ಉತ್ತರ. ಬರೆದವರಲ್ಲಿ ಹಲವರು ನಮಗೆ ಪತ್ರ ಹಾಕುವ ಹೊತ್ತಿಗಾಗಲೇ ಯಾರದೋ ಮಾತು ಕೇಳಿ ಇದ್ದಬದ್ದ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದಾರೆ. ನನಗೆ ಆತಂಕ ತಂದದ್ದು ಅದು. ಇಂಥ ದೋಷ ಎದುರಾದಾಗ ತಿಳಿಯಬೇಕಾದದ್ದು ಮೂರು: ಕೇಳುತ್ತಿರುವವರು ಯಾರು, ಏನು ಮಾಡಲು ಕೇಳುತ್ತಿದ್ದಾರೆ, ಬೇಡವೆಂದದ್ದು ಯಾವ ಬಾಗಿಲು. ಕೊನೆಯದನ್ನು ಪತ್ತೆ ಮಾಡುವುದರಲ್ಲೇ ಬಹುಪಾಲು ಕೆಲಸ ಅಡಗಿದೆ.

ಪ್ರಶ್ನೆ: ನಮ್ಮ ಊರಿನ ಹಳೆಯ ಫೋಟೊಗಳನ್ನೂ ಕಾಗದಪತ್ರಗಳನ್ನೂ ಸ್ಕ್ಯಾನ್ ಮಾಡಿ, ಸುಮಾರು ನಾಲ್ಕು ಸಾವಿರ ಚಿತ್ರಗಳನ್ನು ಅಮೆಜಾನ್ ವೆಬ್ ಸರ್ವೀಸಸ್‌ನ (ಎಡಬ್ಲ್ಯುಎಸ್) ಫೈಲು ಸಂಗ್ರಹದ ಸೇವೆಯಾದ ಎಸ್‌3ಯಲ್ಲಿ ಬಕೆಟ್ (ಫೈಲುಗಳ ಕೋಶ) ಒಂದರಲ್ಲಿಟ್ಟು ಜಾಲತಾಣದಲ್ಲಿ ತೋರಿಸುತ್ತಿದ್ದೇವೆ. ಹೆಚ್ಚಿನವು ಸರಿಯಾಗಿ ಕಾಣುತ್ತವೆ. ಕೆಲವು ಚಿತ್ರಗಳಿಗೆ ಮಾತ್ರ ‘403, ಆಕ್ಸೆಸ್ ಡಿನೈಡ್’ ಎಂದು ಬರುತ್ತದೆ. ಎಲ್ಲಕ್ಕೂ ಇರುವುದು ಒಂದೇ ಪಾಲಿಸಿ, ಅಂದರೆ ಯಾರು ಏನು ಮಾಡಬಹುದೆಂಬ ಒಂದೇ ನಿಯಮಪಟ್ಟಿ. ಕೆಲವಕ್ಕೆ ಮಾತ್ರ ಅನುಮತಿ ಇಲ್ಲವಾಗುವುದು ಹೇಗೆ? ಬಕೆಟ್‌ನಲ್ಲಿರುವ ಎಲ್ಲ ನಿರ್ಬಂಧಗಳನ್ನೂ ತೆಗೆದುಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ.
(ಓದುಗರೊಬ್ಬರು, ಶಿರಸಿ)

ಉತ್ತರ: ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನೀವು ಬರೆದ ವಿವರದಲ್ಲೇ ಸುಳಿವಿದೆ. ಒಂದೇ ಪಾಲಿಸಿಯ ಅಡಿಯಲ್ಲಿ ಸಾವಿರಾರು ಚಿತ್ರಗಳು ಕಾಣುತ್ತಿವೆಯೆಂದರೆ ಪಾಲಿಸಿ ಸರಿಯಾಗಿಯೇ ಇದೆ. ಉಳಿದ ಚಿತ್ರಗಳು, ನಿಮ್ಮ ಪುಟ ಕೇಳುತ್ತಿರುವ ಹೆಸರಿನಲ್ಲಿ, ಬಕೆಟ್‌ನೊಳಗೆ ಇಲ್ಲವೇ ಇಲ್ಲ ಎಂಬುದು ನನ್ನ ಬಲವಾದ ಅನುಮಾನ.

ಇಲ್ಲದ ಫೈಲಿಗೆ 404 (‘ಸಿಗಲಿಲ್ಲ’) ಬರಬೇಕಲ್ಲವೇ ಎಂದು ನೀವು ಕೇಳಬಹುದು. ಬಕೆಟ್‌ನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ನೋಡುವ ಅನುಮತಿ ಒಂದು, ಒಂದೊಂದು ಫೈಲನ್ನು ಓದುವ ಅನುಮತಿ ಇನ್ನೊಂದು. ಎಸ್‌3 ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಪಟ್ಟಿಯನ್ನು ನೋಡುವ ಹಕ್ಕಿಲ್ಲದವರು ಇಲ್ಲದ ಫೈಲನ್ನು ಕೇಳಿದರೆ, ‘ಅಂಥ ಫೈಲಿಲ್ಲ’ ಎನ್ನುವುದು ಸಹ ಪಟ್ಟಿಯ ಗುಟ್ಟನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಟ್ಟಂತೆ ಎಂದು ಬಗೆದು ಅದು 403 ಎಂದಷ್ಟೇ ಹೇಳುತ್ತದೆ. ನಿಮ್ಮ ಜಾಲತಾಣಕ್ಕೆ ಬರುವ ಸಾರ್ವಜನಿಕರಿಗೆ ಪಟ್ಟಿಯ ಅನುಮತಿ ಇಲ್ಲ, ಇರಲೂಬಾರದು. ಆದ್ದರಿಂದ ಪರೀಕ್ಷೆಯನ್ನು ನಿಮ್ಮ ನಿರ್ವಾಹಕ ಖಾತೆಯಿಂದ ಮಾಡಿ: ಕಾಣದ ಚಿತ್ರದ ವಿಳಾಸದಲ್ಲಿರುವ ಹೆಸರನ್ನು ಅಕ್ಷರವೂ ಬದಲಾಗದಂತೆ ನಕಲಿಸಿ, ಕಮಾಂಡ್ ಸಾಲಿನಿಂದ ಅದೇ ಹೆಸರಿನ ಫೈಲನ್ನು ಕೇಳಿ. ನಿಮಗೆ 404 ಬಂದರೆ ಅನುಮತಿಯ ಚರ್ಚೆ ಅಲ್ಲಿಗೆ ಮುಗಿಯಿತು, ಇನ್ನು ಹುಡುಕಬೇಕಾದದ್ದು ಹೆಸರಿನ ದೋಷವನ್ನು.

ಎಸ್‌3 ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರ ಬೇರೆ ಬೇರೆ. ಸ್ಕ್ಯಾನರ್ ದೊಡ್ಡಕ್ಷರದ ಜೆಪಿಜಿ ಎಂದು ಉಳಿಸಿ, ನಿಮ್ಮ ಪುಟ ಚಿಕ್ಕಕ್ಷರದ ಜೆಪಿಜಿ ಎಂದು ಕೇಳಿದರೆ ಸಾಕು, ಚಿತ್ರ ಸಿಗುವುದಿಲ್ಲ. ಆದರೆ ನೀವು ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಇನ್ನೊಂದು ಕಾರಣವೂ ಇರಬಹುದು; ಕನ್ನಡಿಗರಾದ ನಾವು ಇದನ್ನು ವಿಶೇಷವಾಗಿ ತಿಳಿದಿರಬೇಕು. ಯೂನಿಕೋಡ್‌ನಲ್ಲಿ ‘ಕೋಟೆ’ ಎಂಬ ಪದದ ‘ಕೋ’ವನ್ನು ಎರಡು ರೀತಿಯಲ್ಲಿ ಬರೆದಿಡಬಹುದು. ಕಕಾರದ ಮುಂದೆ ಓತ್ವದ ಒಂದೇ ಸಂಕೇತವನ್ನು ಇಡುವುದು ಒಂದು ರೀತಿ. ಎತ್ವ, ಊತ್ವದ ಕೊಂಬು, ದೀರ್ಘದ ಚಿಹ್ನೆ ಎಂದು ಮೂರು ಬಿಡಿ ಸಂಕೇತಗಳನ್ನು ಸಾಲಾಗಿ ಇಡುವುದು ಇನ್ನೊಂದು ರೀತಿ. ಕಣ್ಣಿಗೆ ಎರಡೂ ಒಂದೇ. ಎಸ್‌3ಗೆ ಮಾತ್ರ ಎರಡು ಬೇರೆ ಬೇರೆ ಫೈಲುಗಳು, ಏಕೆಂದರೆ ಅದು ಹೆಸರನ್ನು ಬೈಟುಗಳ ಸಾಲಾಗಿ ಮಾತ್ರ ನೋಡುತ್ತದೆ. ಈತ್ವ, ಏತ್ವ, ಐತ್ವ, ಒತ್ವಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾಕ್ ಕಂಪ್ಯೂಟರುಗಳ ಹಿಂದಿನ ಫೈಲ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕೂಡಿದ ರೂಪವೇ ಇರುತ್ತದೆ. ನಿಮ್ಮಲ್ಲಿ ಒಬ್ಬರು ಹಳೆಯ ಮ್ಯಾಕ್‌ನಿಂದಲೂ ಉಳಿದವರು ವಿಂಡೋಸ್‌ನಿಂದಲೂ ಫೈಲುಗಳನ್ನು ಏರಿಸಿದ್ದರೆ, ಕಾಣದ ಚಿತ್ರಗಳೆಲ್ಲ ಒಬ್ಬರೇ ಏರಿಸಿದವು ಎಂಬುದು ಗೊತ್ತಾದರೂ ಆಶ್ಚರ್ಯವಿಲ್ಲ. ‘ಅರ್ಕಾವತ್ತು’ ಬರುವ ಪದಗಳಲ್ಲಿ ಕೀಲಿಮಣೆ ಸೇರಿಸುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಸಹ ಇದೇ ಗೊಂದಲವನ್ನು ತರುತ್ತವೆ.

ಪರಿಹಾರ ಕಠಿಣವಲ್ಲ. ಬಕೆಟ್‌ನ ಪೂರ್ತಿ ಪಟ್ಟಿಯನ್ನು ಇಳಿಸಿಕೊಂಡು, ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಪ್ರತಿ ಹೆಸರನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದು, ಮೂಲಕ್ಕಿಂತ ಬೇರೆಯಾಗುವ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಸಾಮಾನ್ಯ ಬಕೆಟ್‌ಗಳಲ್ಲಿ ಫೈಲಿನ ಹೆಸರನ್ನು ನೇರವಾಗಿ ಬದಲಿಸಲಾಗದು. ಸರಿಯಾದ ಹೆಸರಿಗೆ ನಕಲು ಮಾಡಿ, ನಕಲು ಸರಿಯಾಗಿದೆಯೆಂದು ನೋಡಿಕೊಂಡ ಮೇಲೆ ಹಳೆಯದನ್ನು ಅಳಿಸಬೇಕು. ಮುಂದಿನ ಚಿತ್ರಗಳಿಗೆ ಕ್ರಮಸಂಖ್ಯೆಯನ್ನೇ ಹೆಸರಾಗಿಟ್ಟು, ಕನ್ನಡದ ಶೀರ್ಷಿಕೆಯನ್ನು ನಿಮ್ಮ ಸೂಚಿಯಲ್ಲಿ ಇಡುವುದು ಲೇಸು. ಕನ್ನಡದ ಹೆಸರು ಕೂಡದೆಂಬ ಅರ್ಥದಲ್ಲಿ ನಾನು ಇದನ್ನು ಹೇಳುತ್ತಿಲ್ಲ. ಓದುಗರಿಗೆ ಕಾಣುವ ಶೀರ್ಷಿಕೆ ಕನ್ನಡದಲ್ಲೇ ಇರಲಿ, ಯಂತ್ರ ಹುಡುಕುವ ಗುರುತು ಮಾತ್ರ ತಪ್ಪಾಗದಂತಿರಲಿ.

ಒಂದು ಚಿತ್ರವೂ ತೆರೆಯದೆ ಎಲ್ಲಕ್ಕೂ 403 ಬರುತ್ತಿರುವ ಓದುಗರು ಬೇರೆ ಜಾಗದಲ್ಲಿ ನೋಡಬೇಕು. ಪಾಲಿಸಿಯಲ್ಲಿ ಬಕೆಟ್‌ನ ವಿಳಾಸ ಬೇರೆ, ಅದರೊಳಗಿನ ಫೈಲುಗಳ ವಿಳಾಸ ಬೇರೆ. ಫೈಲುಗಳನ್ನು ಓದುವ ಅನುಮತಿಗೆ ಬಕೆಟ್‌ನ ಹೆಸರಿನ ಮುಂದೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಇರಲೇಬೇಕು. ಜತೆಗೆ 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಲ್ಲೆಲ್ಲ ಸಾರ್ವಜನಿಕ ಪ್ರವೇಶಕ್ಕೆ ತಡೆ ಮೊದಲೇ ಇರುತ್ತದೆ. ಹಳೆಯ ಪಾಠವನ್ನು ನೋಡಿಕೊಂಡು ಹೊಸ ಬಕೆಟ್ ಮಾಡಿದವರು ಮುಗ್ಗರಿಸುವುದು ಬಹುಮಟ್ಟಿಗೆ ಇಲ್ಲಿಯೇ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಎಡಬ್ಲ್ಯುಎಸ್‌ನ ಮುಂಬಯಿ ರೀಜನ್‌ನಲ್ಲಿ ಉಬುಂಟು 22.04 (ಲಿನಕ್ಸ್‌ನ ಒಂದು ಬಗೆ) ಸರ್ವರ್ ಪಡೆದು, ನನ್ನ ಪ್ರಾಜೆಕ್ಟಿನ ಪುಟಗಳನ್ನು ಹೋಮ್ ಫೋಲ್ಡರಿನಲ್ಲಿಟ್ಟು, ಪುಟಗಳನ್ನು ಬ್ರೌಸರಿಗೆ ಕೊಡುವ ಎಂಜಿನ್‌ಎಕ್ಸ್ ತಂತ್ರಾಂಶ ಹಾಕಿದೆ. 403 ಬಂತು. ಒಂದು ವಿಡಿಯೊದಲ್ಲಿ ಹೇಳಿದಂತೆ ಹೋಮ್ ಫೋಲ್ಡರಿಗೂ ಅದರೊಳಗಿನ ಎಲ್ಲಕ್ಕೂ 777 ಅನುಮತಿ ಕೊಟ್ಟೆ, ಪುಟ ಕಾಣಿಸಿತು. ಆದರೆ ಮರುದಿನದಿಂದ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋಗಲು ಆಗುತ್ತಿಲ್ಲ. ‘ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ’ ಎನ್ನುತ್ತದೆ. ಕೀ ಫೈಲು ಅದೇ, ಕಂಪ್ಯೂಟರೂ ಅದೇ. ಮುಂದಿನ ವಾರ ಪ್ರಾಜೆಕ್ಟ್ ತೋರಿಸಬೇಕಾಗಿದೆ.
(ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ನಿಮ್ಮ ಸರ್ವರಿನಲ್ಲಿರುವ ಯಾವುದೂ ಅಳಿದಿಲ್ಲ, ಎಲ್ಲವನ್ನೂ ಮರಳಿ ಪಡೆಯಬಹುದು, ಮೊದಲು ಆ ಧೈರ್ಯವಿರಲಿ. ಎರಡು ದೋಷಗಳೂ ಒಂದೇ ಬೇರಿನಿಂದ ಬಂದವು.

ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಮೂರು ಅಂಕಿಗಳ ಅನುಮತಿ ಇರುತ್ತದೆ: ಮೊದಲನೆಯದು ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಕೂಡಿದರೆ ಆ ಅಂಕಿ ಸಿಗುತ್ತದೆ. ಹೊಸಬರು ಎಡವುವ ಜಾಗವೆಂದರೆ ಫೋಲ್ಡರಿಗೆ ‘ನಡೆಸುವುದು’ ಎಂದರೇನು ಎಂಬುದು. ಫೋಲ್ಡರಿನ ಮಟ್ಟಿಗೆ ಆ 1ರ ಅರ್ಥ, ಅದನ್ನು ಹಾದು ಒಳಗೆ ಹೋಗಬಹುದು ಎಂದು. ಮನೆಯ ಒಳಕೋಣೆಯ ಬಾಗಿಲು ತೆರೆದಿದ್ದು ಹೆಬ್ಬಾಗಿಲು ಮುಚ್ಚಿದ್ದರೆ ಒಳಗೆ ಹೋಗಲಾದೀತೇ? ಹಾಗೆಯೇ, ನಿಮ್ಮ ಪುಟದ ಫೈಲಿಗೆ ಓದುವ ಅನುಮತಿ ಇದ್ದರೂ, ಅದರ ದಾರಿಯಲ್ಲಿರುವ ಯಾವುದಾದರೂ ಒಂದು ಫೋಲ್ಡರ್ ಹಾದುಹೋಗಲು ಬಿಡದಿದ್ದರೆ ಎಂಜಿನ್‌ಎಕ್ಸ್‌ಗೆ ಆ ಪುಟ ಸಿಗುವುದಿಲ್ಲ.

ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ, ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೆಯೇ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಹಿಂದಿನ ಉಬುಂಟು ಆವೃತ್ತಿಗಳಲ್ಲಿ ಹೋಮ್ ಫೋಲ್ಡರಿನ ಅನುಮತಿ 755 ಆಗಿದ್ದುದರಿಂದ ಅವನು ಹಾದುಹೋಗಬಹುದಾಗಿತ್ತು, 21.04ನೇ ಆವೃತ್ತಿಯಿಂದ ಹೊಸ ಹೋಮ್ ಫೋಲ್ಡರುಗಳು 750 ಆಗಿರುತ್ತವೆ, ಅಂದರೆ ಹೊರಗಿನವರಿಗೆ ಸೊನ್ನೆ. ನೀವು ನೋಡಿದ ಪಾಠ ಅದಕ್ಕೂ ಹಿಂದಿನದಾಗಿದ್ದರೆ ಅವರ ಕಂಪ್ಯೂಟರಿನಲ್ಲಿ ನಡೆದದ್ದು ನಿಮ್ಮಲ್ಲಿ ನಡೆಯದಿರುವುದು ಸಹಜ. ಹೀಗಾದಾಗ ‘ನೇಮ್‌ಐ’ ಎಂಬ ಆದೇಶವನ್ನು ‘-ಎಲ್’ ಆಯ್ಕೆಯೊಂದಿಗೆ, ಪುಟದ ಪೂರ್ತಿ ದಾರಿಯನ್ನು ಕೊಟ್ಟು ಓಡಿಸಿದರೆ, ಎಲ್ಲಕ್ಕೂ ಮೇಲಿನ ಫೋಲ್ಡರಿನಿಂದ ಫೈಲಿನವರೆಗೆ ಪ್ರತಿ ಮೆಟ್ಟಿಲಿನ ಒಡೆಯ ಯಾರು, ಅನುಮತಿ ಏನು ಎಂಬುದು ಒಂದರ ಕೆಳಗೊಂದು ಕಾಣುತ್ತದೆ. ಎಂಜಿನ್‌ಎಕ್ಸ್‌ನ ಎರರ್ ಲಾಗ್‌ನಲ್ಲಿ ‘13, ಪರ್ಮಿಷನ್ ಡಿನೈಡ್’ ಎಂದಿದ್ದರೆ ಕಾರಣ ಇದೇ. ಫೋಲ್ಡರಿನ ಸೂಚಿಯನ್ನು ತೋರಿಸಲು ನಿಷೇಧವಿದೆ ಎಂದಿದ್ದರೆ ಮಾತ್ರ ಕಾರಣ ಬೇರೆ, ಆಗ ಆ ಫೋಲ್ಡರಿನಲ್ಲಿ ಇಂಡೆಕ್ಸ್ ಪುಟವೇ ಇಲ್ಲ ಎಂದು ತಿಳಿಯಿರಿ. ಬ್ರೌಸರಿನಲ್ಲಿ ಎರಡಕ್ಕೂ ಕಾಣುವುದು ಅದೇ 403. ಲಾಗ್ ಓದದೆ ಅನುಮತಿ ಬದಲಿಸಬಾರದು ಎನ್ನುವುದು ಇದಕ್ಕಾಗಿಯೇ.

ಈಗ ಎಸ್‌ಎಸ್‌ಎಚ್. ಲಾಗಿನ್ ಆಗುವಾಗ ಸರ್ವರ್ ನಿಮ್ಮ ಕೀಯನ್ನು ಮಾತ್ರ ನೋಡುವುದಿಲ್ಲ. ಆ ಕೀ ಇಟ್ಟಿರುವ ಫೈಲನ್ನೂ ಅದರ ಫೋಲ್ಡರನ್ನೂ ನಿಮ್ಮ ಹೋಮ್ ಫೋಲ್ಡರನ್ನೂ ಬೇರೆಯವರು ತಿದ್ದಲು ಸಾಧ್ಯವೇ ಎಂದು ಪರೀಕ್ಷಿಸುತ್ತದೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದಕ್ಕೆ ‘ಸ್ಟ್ರಿಕ್ಟ್‌ಮೋಡ್ಸ್’ ಎಂಬ ಹೆಸರಿದೆ, ಮೊದಲೇ ಜಾರಿಯಲ್ಲಿರುತ್ತದೆ. 777 ಎಂದರೆ ಯಾರು ಬೇಕಾದರೂ ಬರೆಯಬಹುದು. ಯಾರೋ ಬಂದು ತಮ್ಮ ಕೀಯನ್ನು ಸೇರಿಸಿರಬಹುದಾದ ಫೈಲನ್ನು ನಂಬುವುದು ಹೇಗೆ ಎಂದು ಸರ್ವರ್ ನಿಮ್ಮ ಕೀಯನ್ನು ನಿರಾಕರಿಸಿದೆ. ಅದು ತನ್ನ ಕರ್ತವ್ಯವನ್ನೇ ಮಾಡಿದೆ.

ಒಳಗೆ ಹೋಗಲು ದಾರಿಗಳಿವೆ. ನಿಮ್ಮ ಸರ್ವರಿಗೆ ಎಡಬ್ಲ್ಯುಎಸ್‌ನ ಸಿಸ್ಟಮ್ಸ್ ಮ್ಯಾನೇಜರ್ ಸೇವೆಯ ರೋಲ್ (ಸರ್ವರಿಗೆ ಕೊಡುವ ಅನುಮತಿಗಳ ಗುಚ್ಛ) ಜೋಡಿಸಿದ್ದರೆ ‘ಸೆಷನ್ ಮ್ಯಾನೇಜರ್’ ಮೂಲಕ ಬ್ರೌಸರಿನಿಂದಲೇ ಒಳಹೊಕ್ಕು ಸರಿಪಡಿಸಬಹುದು. ಅದಕ್ಕೆ ಎಸ್‌ಎಸ್‌ಎಚ್ ಬೇಕಿಲ್ಲ. ಅದಾಗದಿದ್ದರೆ ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ನೋಡುವ ಉಪಾಯವನ್ನೇ ಇಲ್ಲೂ ಮಾಡಬೇಕು. ಸರ್ವರನ್ನು ನಿಲ್ಲಿಸಿ, ಅಳಿಸುವ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಅದರ ಮೂಲ ಡಿಸ್ಕಿನ ಒಂದು ಸ್ನ್ಯಾಪ್‌ಶಾಟ್ (ಯಥಾಪ್ರತಿ) ತೆಗೆದಿಟ್ಟುಕೊಂಡು, ಡಿಸ್ಕನ್ನು ಕಳಚಿ, ಅದೇ ಅವೈಲಬಿಲಿಟಿ ಝೋನ್‌ನಲ್ಲಿ ಇನ್ನೊಂದು ಚಿಕ್ಕ ಸರ್ವರ್ ಮಾಡಿ ಅದಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿ. ಅಲ್ಲಿ ಮೌಂಟ್ ಮಾಡಿ, ಹೋಮ್ ಫೋಲ್ಡರಿಗೆ 750, ಎಸ್‌ಎಸ್‌ಎಚ್ ಫೋಲ್ಡರಿಗೆ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲಿಗೆ 600 ಕೊಟ್ಟು, ಡಿಸ್ಕನ್ನು ಮೊದಲಿನ ಸರ್ವರಿಗೆ ಮೂಲ ಡಿಸ್ಕಾಗಿಯೇ ಮರಳಿ ಜೋಡಿಸಿ. ನಿಲ್ಲಿಸಿ ಮತ್ತೆ ಶುರು ಮಾಡಿದಾಗ, ಎಲಾಸ್ಟಿಕ್ ಐಪಿ ಎಂಬ ಸ್ಥಿರ ವಿಳಾಸ ಪಡೆದಿರದಿದ್ದರೆ, ಸರ್ವರಿನ ಸಾರ್ವಜನಿಕ ವಿಳಾಸ ಬದಲಾಗುತ್ತದೆ. ಹಳೆಯ ವಿಳಾಸಕ್ಕೇ ಸಂಪರ್ಕಿಸುತ್ತ ಮತ್ತೊಂದು ದಿನ ಕಳೆಯಬೇಡಿ.

ಒಳಗೆ ಹೋದ ಮೇಲೆ ಪ್ರಾಜೆಕ್ಟನ್ನು ಹೋಮ್ ಫೋಲ್ಡರಿನಿಂದ ತೆಗೆದು, ಜಾಲತಾಣಗಳಿಗೆಂದೇ ಇರುವ ‘ವಾರ್’ ಫೋಲ್ಡರಿನೊಳಗಿನ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಫೋಲ್ಡರಿಗೆ ಸರಿಸಿ. ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಸಾಕು. ಡೇಟಾಬೇಸಿನ ಪಾಸ್‌ವರ್ಡ್ ಬರೆದಿರುವ ಫೈಲಿಗೆ 640 ಕೊಟ್ಟು ಗುಂಪನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಮಾಡಿ. ಇನ್ನು ಮುಂದೆ ಅನುಮತಿಗಳನ್ನು ಬದಲಿಸುವಾಗ ಒಂದು ಎಸ್‌ಎಸ್‌ಎಚ್ ಕಿಟಕಿಯನ್ನು ತೆರೆದಿಟ್ಟೇ, ಎರಡನೆಯದರಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ತೆರೆದಿರುವ ಕಿಟಕಿಯ ಸಂಪರ್ಕ ಕಡಿಯುವುದಿಲ್ಲ. ತಪ್ಪಾಗಿದ್ದರೆ ಅದರಿಂದಲೇ ತಿದ್ದಬಹುದು.

ಇದೇ ದೋಷದ ಬಗ್ಗೆ ಬರೆದ ಇತರರಿಗೂ ಎರಡು ಮಾತು. ಬಳಕೆದಾರನ ಹೆಸರು ಉಬುಂಟುವಿನಲ್ಲಿ ‘ಉಬುಂಟು’, ಅಮೆಜಾನ್ ಲಿನಕ್ಸ್‌ನಲ್ಲಿ ‘ಇಸಿ2-ಯೂಸರ್’, ಡೆಬಿಯನ್‌ನಲ್ಲಿ ‘ಅಡ್ಮಿನ್’. ಹೆಸರು ತಪ್ಪಿದ್ದರೂ ಬರುವುದು ಇದೇ ಸಂದೇಶ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬರುತ್ತಿದ್ದರೆ ಅದು ಅನುಮತಿಯ ದೋಷವೇ ಅಲ್ಲ. ನಿಮ್ಮ ಮಾತು ಸರ್ವರಿನ ಕಿವಿಗೆ ಬಿದ್ದೇ ಇಲ್ಲ. ಸೆಕ್ಯುರಿಟಿ ಗ್ರೂಪ್ ಎಂಬ ಸರ್ವರಿನ ಫೈರ್‌ವಾಲ್‌ನಲ್ಲಿ, ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ನಿಮ್ಮ ಈಗಿನ ಐಪಿ ವಿಳಾಸಕ್ಕೆ ತೆರೆದಿದೆಯೇ ನೋಡಿ, ಏಕೆಂದರೆ ಮನೆಯ ಇಂಟರ್ನೆಟ್ಟಿನ ವಿಳಾಸ ಆಗಾಗ ಬದಲಾಗುತ್ತಿರುತ್ತದೆ.

ಪ್ರಶ್ನೆ: ನಮ್ಮದು ಹನ್ನೆರಡು ಜನರ ಸಣ್ಣ ಸಂಸ್ಥೆ. ಕ್ಲೌಡ್ ನೋಡಿಕೊಳ್ಳುತ್ತಿದ್ದ ಉದ್ಯೋಗಿ ಕೆಲಸ ಬಿಟ್ಟ ದಿನವೇ ಅವರ ಎಡಬ್ಲ್ಯುಎಸ್ ಬಳಕೆದಾರ ಖಾತೆಯನ್ನು ಅಳಿಸಿದೆವು. ಅಂದು ರಾತ್ರಿಯಿಂದ ಬ್ಯಾಕಪ್ ನಿಂತಿತು. ಅದೇ ಹೆಸರಿನಲ್ಲಿ ಹೊಸ ಖಾತೆ ಮಾಡಿ, ಪೂರ್ಣ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು, ಅದರ ಕೀಯನ್ನು ಸರ್ವರಿನಲ್ಲಿ ಹಾಕಿದೆವು. ಈಗ ಉಳಿದೆಲ್ಲ ಕೆಲಸ ನಡೆಯುತ್ತಿದೆ. ಬ್ಯಾಕಪ್ ಬಕೆಟ್ ಮಾತ್ರ ‘ಆಕ್ಸೆಸ್ ಡಿನೈಡ್’ ಎನ್ನುತ್ತಿದೆ. ಅಡ್ಮಿನಿಸ್ಟ್ರೇಟರಿಗೂ ಅನುಮತಿ ಇಲ್ಲವೆಂದರೆ ಏನರ್ಥ?
(ಉದ್ಯಮಿ, ಮೈಸೂರು)

ಉತ್ತರ: ಮೊದಲ ರಾತ್ರಿಯ ಲಾಗ್ ಸಿಕ್ಕರೆ ನೋಡಿ. ಅದರಲ್ಲಿ ‘ಇನ್‌ವ್ಯಾಲಿಡ್ ಆಕ್ಸೆಸ್ ಕೀ ಐಡಿ’ ಎಂದಿರಬೇಕು, ಅಂದರೆ ‘ನೀವು ಯಾರೆಂದೇ ಗೊತ್ತಿಲ್ಲ’ ಎಂದು. ಈಗ ಬರುತ್ತಿರುವ ‘ಆಕ್ಸೆಸ್ ಡಿನೈಡ್’ನ ಅರ್ಥ, ‘ನೀವು ಯಾರೆಂದು ಗೊತ್ತು, ಆದರೂ ಬಿಡುವುದಿಲ್ಲ’ ಎಂದು. ಎರಡನ್ನೂ ಒಂದೇ ದೋಷವೆಂದು ತಿಳಿದದ್ದರಿಂದ ನೀವು ಎರಡನೆಯದಕ್ಕೂ ಮೊದಲನೆಯದರ ಮದ್ದನ್ನೇ ಕೊಟ್ಟಿದ್ದೀರಿ.

ಎಡಬ್ಲ್ಯುಎಸ್‌ನ ಅನುಮತಿ ವ್ಯವಸ್ಥೆಯ ಕಟ್ಟಳೆ ಹೀಗಿದೆ. ಯಾರೂ ಏನನ್ನೂ ಹೇಳದಿದ್ದರೆ ಉತ್ತರ ‘ಇಲ್ಲ’. ಯಾವುದಾದರೂ ಪಾಲಿಸಿ ‘ಅಲೌ’ ಎಂದರೆ ಉತ್ತರ ‘ಹೌದು’. ಆದರೆ ಅನ್ವಯಿಸುವ ಪಾಲಿಸಿಗಳಲ್ಲಿ ಯಾವುದೇ ಒಂದು ಸ್ಪಷ್ಟವಾಗಿ ‘ಡಿನೈ’ ಎಂದಿದ್ದರೆ, ಉಳಿದ ನೂರು ಪಾಲಿಸಿಗಳು ‘ಅಲೌ’ ಎಂದರೂ ಅದರ ಮಾತೇ ಕೊನೆ. ನಿಮ್ಮ ಹೊಸ ಖಾತೆಯ ಅಡ್ಮಿನಿಸ್ಟ್ರೇಟರ್ ಪಾಲಿಸಿ ಎಲ್ಲಕ್ಕೂ ‘ಅಲೌ’ ಎನ್ನುತ್ತದೆ. ಬ್ಯಾಕಪ್ ಬಕೆಟ್‌ಗೇ ಅಂಟಿಕೊಂಡಿರುವ ಪಾಲಿಸಿಯಲ್ಲಿ, ಹಿಂದಿನ ಉದ್ಯೋಗಿಯೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ‘ಡಿನೈ’ ಎಂದು ಬರೆದಿರುವ ಸಂಭವ ಹೆಚ್ಚು. ಅವರು ಬ್ಯಾಕಪ್ ಯಾರ ಕೈಗೂ ಸಿಗದಿರಲೆಂದು ಎಚ್ಚರದಿಂದಲೇ ಹಾಗೆ ಮಾಡಿರಬಹುದು.

ಅದೇ ಹೆಸರಿನ ಖಾತೆ ಮಾಡಿದರೂ ಕೆಲಸವಾಗದಿರಲು ಕಾರಣವಿದೆ. ಪಾಲಿಸಿಯಲ್ಲಿ ‘ಪ್ರಿನ್ಸಿಪಲ್’ ಎಂಬಲ್ಲಿ ಬಳಕೆದಾರನನ್ನು ಹೆಸರಿಸಿದಾಗ ಎಡಬ್ಲ್ಯುಎಸ್ ಒಳಗೊಳಗೆ ಅವನ ಮರುಬಳಕೆಯಾಗದ ಗುರುತುಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಆ ಬಳಕೆದಾರನನ್ನು ಅಳಿಸಿದ ಮೇಲೆ ಪಾಲಿಸಿಯನ್ನು ತೆರೆದರೆ ಹೆಸರಿನ ಜಾಗದಲ್ಲಿ ‘ಎಐಡಿಎ’ ಎಂದು ಆರಂಭವಾಗುವ ಅಕ್ಷರಸಾಲು ಕಾಣುತ್ತದೆ. ನಿಮ್ಮ ಪಾಲಿಸಿಯಲ್ಲಿ ಅಂಥದ್ದು ಕಂಡರೆ, ಅಳಿದುಹೋದ ಖಾತೆಯ ಗುರುತು ಅದೇ ಎಂದು ತಿಳಿಯಿರಿ. ಒಂದೇ ಹೆಸರಿನ ಇಬ್ಬರು ಮನುಷ್ಯರು ಒಬ್ಬರೇ ಅಲ್ಲವಷ್ಟೇ.

ನೀವು ಈಗ ಮಾಡಬೇಕಾದದ್ದು: ಖಾತೆಯ ರೂಟ್ ಬಳಕೆದಾರನಾಗಿ (ಖಾತೆಯ ಮೂಲ ಒಡೆಯನಾಗಿ), ಎರಡನೆಯ ಹಂತದ ದೃಢೀಕರಣದೊಂದಿಗೆ, ಒಳಗೆ ಹೋಗಿ. ಬಕೆಟ್ ಪಾಲಿಸಿ ಎಲ್ಲರನ್ನೂ ಹೊರಗಿಟ್ಟಿದ್ದರೂ, ಅದೇ ಖಾತೆಯ ರೂಟ್ ಬಳಕೆದಾರ ಆ ಪಾಲಿಸಿಯನ್ನು ನೋಡಬಹುದು, ತಿದ್ದಬಹುದು, ಅಳಿಸಬಹುದು. ಹಳೆಯ ಪಾಲಿಸಿಯನ್ನು ನಕಲು ತೆಗೆದಿಟ್ಟುಕೊಂಡು ತಿದ್ದಿ, ಕೂಡಲೇ ಹೊರಗೆ ಬನ್ನಿ; ದಿನನಿತ್ಯದ ಕೆಲಸಕ್ಕೆ ರೂಟ್ ಬಳಸಬಾರದು. ಆಮೇಲೂ ನಿರಾಕರಣೆ ಮುಂದುವರಿದರೆ ಬ್ಯಾಕಪ್ ಫೈಲುಗಳನ್ನು ಕೆಎಂಎಸ್ (ಎಡಬ್ಲ್ಯುಎಸ್‌ನ ಕೀ ನಿರ್ವಹಣಾ ಸೇವೆ) ಕೀಯಿಂದ ಗೂಢಲಿಪಿಗೊಳಿಸಲಾಗಿದೆಯೇ ನೋಡಿ. ಆ ಕೀಗೆ ತನ್ನದೇ ಪಾಲಿಸಿ ಇರುತ್ತದೆ. ಬಕೆಟ್ ಒಪ್ಪಿದರೂ ಕೀ ಒಪ್ಪದಿದ್ದರೆ ಫೈಲು ಸಿಗದು.

ಇನ್ನು ನೀವು ಕೇಳದಿದ್ದರೂ ನಾನು ಹೇಳಲೇಬೇಕಾದ ಮಾತು. ಬ್ಯಾಕಪ್ ಮಾಡುವ ಒಂದು ಸ್ಕ್ರಿಪ್ಟಿನ ಕೈಗೆ ಇಡೀ ಸಂಸ್ಥೆಯ ಅಡ್ಮಿನಿಸ್ಟ್ರೇಟರ್ ಕೀಯನ್ನು ಕೊಟ್ಟಿದ್ದೀರಿ. ಆ ಸರ್ವರಿಗೆ ಯಾರಾದರೂ ನುಗ್ಗಿದರೆ ನಿಮ್ಮ ಸರ್ವರುಗಳು, ಡೇಟಾಬೇಸು, ಬ್ಯಾಕಪ್, ಮೂರೂ ಒಂದೇ ಏಟಿಗೆ ಅವರ ಪಾಲಾಗುತ್ತವೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಹತ್ತು ಕೋಟಿಗೂ ಹೆಚ್ಚು ಜನರ ಮಾಹಿತಿ ಹೊರಹೋದದ್ದು ಇದೇ ಜಾತಿಯ ದಾರಿಯಲ್ಲಿ. ಸರಿಯಾಗಿ ಹೊಂದಿಸಿರದ ಒಂದು ಫೈರ್‌ವಾಲ್ ಮೂಲಕ ಅದರ ಸರ್ವರಿನ ರೋಲ್‌ನ ತಾತ್ಕಾಲಿಕ ಕೀಗಳು ಹೊರಗಿನವರಿಗೆ ಸಿಕ್ಕವು, ಆ ರೋಲ್‌ಗೆ ಎಸ್‌3 ಬಕೆಟ್‌ಗಳನ್ನು ಪಟ್ಟಿ ಮಾಡಿ ಓದುವ ಅನುಮತಿಯೂ ಇತ್ತು. ಪ್ರತಿ ಕೆಲಸಕ್ಕೂ ಅದಕ್ಕೆ ಬೇಕಾದಷ್ಟೇ ಅಧಿಕಾರ ಎಂಬ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ನಿಮ್ಮ ಸರ್ವರ್ ಎಡಬ್ಲ್ಯುಎಸ್‌ನಲ್ಲೇ ಇದ್ದರೆ ಅದಕ್ಕೆ ಒಂದು ರೋಲ್ ಜೋಡಿಸಿ, ಆ ಒಂದು ಬಕೆಟ್‌ಗೆ ಫೈಲು ಏರಿಸುವ ಅನುಮತಿಯನ್ನಷ್ಟೇ ಕೊಡಿ. ಅಳಿಸುವ ಅನುಮತಿ ಬೇಡ. ರೋಲ್‌ನ ಕೀಗಳು ತಾತ್ಕಾಲಿಕವಾದವು, ತಾವಾಗಿಯೇ ಬದಲಾಗುತ್ತಿರುತ್ತವೆ, ಯಾವ ಉದ್ಯೋಗಿಯ ಹೆಸರಿಗೂ ಅಂಟಿರುವುದಿಲ್ಲ. ಜೋಡಿಸಿದ ಮೇಲೆ ಸರ್ವರಿನಲ್ಲಿ ಬಿದ್ದಿರುವ ಹಳೆಯ ಕೀಯನ್ನು ತೆಗೆಯಲು ಮರೆಯಬೇಡಿ. ಹಳೆಯ ಕೀ ಫೈಲಿನಲ್ಲಿ ಉಳಿದಿದ್ದರೆ ಎಡಬ್ಲ್ಯುಎಸ್ ತಂತ್ರಾಂಶಗಳು ರೋಲ್ ಅನ್ನು ಬಿಟ್ಟು ಅದನ್ನೇ ಮೊದಲು ಬಳಸುತ್ತವೆ. ತಾನು ಯಾರ ಹೆಸರಿನಲ್ಲಿ ಮಾತಾಡುತ್ತಿದ್ದೇನೆ ಎಂದು ಸರ್ವರನ್ನೇ ಕೇಳಲು ಎಸ್‌ಟಿಎಸ್‌ನ (ತಾತ್ಕಾಲಿಕ ಕೀಗಳನ್ನು ಕೊಡುವ ಎಡಬ್ಲ್ಯುಎಸ್ ಸೇವೆ) ‘ಗೆಟ್ ಕಾಲರ್ ಐಡೆಂಟಿಟಿ’ ಎಂಬ ಆದೇಶವಿದೆ. ಅನುಮತಿಯ ಯಾವುದೇ ತಕರಾರಿನಲ್ಲಿ ನಾನು ಮೊದಲು ಓಡಿಸುವ ಆದೇಶ ಇದೇ.

ಇನ್ನೊಬ್ಬರು ಕೆಲಸ ಬಿಡುವಾಗ ಕ್ರಮ ಹೀಗಿರಲಿ: ಅವರ ಲಾಗಿನ್ ಪಾಸ್‌ವರ್ಡನ್ನು ಅಂದೇ ತೆಗೆಯಿರಿ. ಅವರ ಕೀ ಕಡೆಯದಾಗಿ ಯಾವಾಗ, ಯಾವ ಸೇವೆಗೆ ಬಳಕೆಯಾಯಿತು ಎಂಬುದು ಬಳಕೆದಾರರನ್ನೂ ಅನುಮತಿಗಳನ್ನೂ ನಿರ್ವಹಿಸುವ ಐಎಎಂ ಪುಟದಲ್ಲೇ ಕಾಣುತ್ತದೆ. ಇನ್ನೂ ಬಳಕೆಯಲ್ಲಿದ್ದರೆ ಆ ಕೆಲಸವನ್ನು ಅಂದೇ ರೋಲ್‌ಗೆ ಸರಿಸಿ, ಕೀಯನ್ನು ಅಳಿಸದೆ ನಿಷ್ಕ್ರಿಯಗೊಳಿಸಿ. ನಿಷ್ಕ್ರಿಯ ಕೀಯನ್ನು ಅಗತ್ಯ ಬಿದ್ದರೆ ಎಚ್ಚರಿಸಬಹುದು, ಅಳಿಸಿದ್ದನ್ನು ಆಗದು. ತಿಂಗಳ ಕೊನೆಗೆ ಅಥವಾ ಮಾರ್ಚ್ 31ಕ್ಕೆ ಮಾತ್ರ ಓಡುವ ಲೆಕ್ಕಪತ್ರದ ಕೆಲಸಗಳಿದ್ದರೆ ಅವನ್ನೂ ನೆನೆದು, ಆಮೇಲೆ ಅಳಿಸಿ. ಯಾರು ಯಾವಾಗ ಏನನ್ನು ಬದಲಿಸಿದರು ಎಂಬುದನ್ನು ‘ಕ್ಲೌಡ್‌ಟ್ರೇಲ್’ ತಾನಾಗಿಯೇ 90 ದಿನಗಳವರೆಗೆ ತೋರಿಸುತ್ತದೆ. ಒಂದೊಂದು ಫೈಲನ್ನು ಓದಿದ, ಏರಿಸಿದ ದಾಖಲೆ ಮಾತ್ರ ನೀವು ಪ್ರತ್ಯೇಕವಾಗಿ ಕೇಳಿಕೊಂಡರಷ್ಟೇ ಇರುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಇಟ್ಟುಕೊಳ್ಳಬೇಕಾಗಿರುವುದರಿಂದ, ಒಂದು ಟ್ರೇಲ್ ಮಾಡಿ ಅದನ್ನು ಪ್ರತ್ಯೇಕ ಬಕೆಟ್‌ನಲ್ಲಿ ಉಳಿಸುವ ಏರ್ಪಾಡನ್ನು ಇದೇ ವಾರ ಮಾಡಿಕೊಳ್ಳಿ.

ಪ್ರಶ್ನೆ: ಗೂಗಲ್‌ನ ಫೈರ್‌ಬೇಸ್ ಬಳಸಿ ಮಾಡಿದ ನಮ್ಮ ಕಾಲೇಜಿನ ಆ್ಯಪ್ ಒಂದು ತಿಂಗಳು ಚೆನ್ನಾಗಿ ನಡೆದು, ಒಂದು ದಿನ ಇದ್ದಕ್ಕಿದ್ದಂತೆ ‘ಮಿಸ್ಸಿಂಗ್ ಆರ್ ಇನ್‌ಸಫಿಶಿಯೆಂಟ್ ಪರ್ಮಿಷನ್ಸ್’ ಎನ್ನತೊಡಗಿತು. ನಾವು ಏನನ್ನೂ ಬದಲಿಸಿಲ್ಲ.
(ವಿದ್ಯಾರ್ಥಿಗಳು, ಮಂಗಳೂರು)

ಉತ್ತರ: ನೀವು ಬದಲಿಸಿಲ್ಲ, ದಿನಾಂಕ ಬದಲಾಗಿದೆ. ಫೈರ್‌ಬೇಸ್‌ನ ಫೈರ್‌ಸ್ಟೋರ್ ಡೇಟಾಬೇಸನ್ನು ‘ಟೆಸ್ಟ್ ಮೋಡ್’ನಲ್ಲಿ ತೆರೆದರೆ, ಯಾರು ಬೇಕಾದರೂ ಓದಬಹುದು ಬರೆಯಬಹುದು ಎಂಬ ನಿಯಮ 30 ದಿನಗಳ ಗಡುವಿನೊಂದಿಗೆ ಬರುತ್ತದೆ. ಗಡುವು ಮುಗಿಯಿತು. ನಿಯಮದಲ್ಲಿರುವ ದಿನಾಂಕವನ್ನು ಮುಂದೂಡಿದರೆ ಆ್ಯಪ್ ಮತ್ತೆ ಓಡುತ್ತದೆ, ಆದರೆ ನಿಮ್ಮ ಸಹಪಾಠಿಗಳ ಫೋನ್ ನಂಬರುಗಳು ಜಗತ್ತಿಗೆಲ್ಲ ತೆರೆದೇ ಇರುತ್ತವೆ. ಆ್ಯಪ್‌ನೊಳಗಿರುವ ಫೈರ್‌ಬೇಸ್ ಕೀ ಗುಟ್ಟಿನದಲ್ಲ, ಅದು ಎಲ್ಲರಿಗೂ ಕಾಣುತ್ತದೆ. ಕಾವಲಿರುವುದು ನಿಯಮಗಳಲ್ಲಿ ಮಾತ್ರ. ಲಾಗಿನ್ ಆದವರು ತಮ್ಮ ಗುರುತುಸಂಖ್ಯೆ ಇರುವ ದಾಖಲೆಯನ್ನಷ್ಟೇ ಓದಿ ಬರೆಯುವಂತೆ ನಿಯಮ ಬರೆಯಿರಿ.

ಆಗ ಇನ್ನೊಂದು ತೊಡಕು ಎದುರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಫೈರ್‌ಸ್ಟೋರ್ ನಿಯಮಗಳು ಜರಡಿಯಲ್ಲ. ‘ಎಲ್ಲ ದಾಖಲೆಗಳನ್ನೂ ಕೊಡು’ ಎಂದು ಕೇಳಿದರೆ ನಿಮ್ಮದನ್ನಷ್ಟೇ ಸೋಸಿ ಕೊಡುವುದಿಲ್ಲ, ಇಡೀ ಕೋರಿಕೆಯನ್ನೇ ತಿರಸ್ಕರಿಸುತ್ತದೆ. ನಿಯಮದಲ್ಲಿ ಹಾಕಿದ ಶರತ್ತನ್ನೇ ಕೋರಿಕೆಯಲ್ಲೂ ಹಾಕಬೇಕು.

ಪ್ರಶ್ನೆ: ಮೈಕ್ರೊಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ನಮ್ಮ ಸ್ಟೋರೇಜ್ ಖಾತೆಗೆ ನಾನೇ ‘ಓನರ್’. ಆದರೂ ನನ್ನ ಲಾಗಿನ್‌ನಿಂದ ಪ್ರೋಗ್ರಾಂ ಓಡಿಸಿದರೆ ಫೈಲು ಓದಲು ಅನುಮತಿ ಇಲ್ಲ ಎನ್ನುತ್ತದೆ. ಪೋರ್ಟಲಿನಲ್ಲಿ ಅದೇ ಫೈಲು ತೆರೆಯುತ್ತದೆ.
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಅಜೂರ್‌ನಲ್ಲಿ ಸ್ಟೋರೇಜ್ ಖಾತೆಯನ್ನು ನಿರ್ವಹಿಸುವ ಅಧಿಕಾರ ಬೇರೆ, ಅದರೊಳಗಿನ ಮಾಹಿತಿಯನ್ನು ಓದುವ ಅಧಿಕಾರ ಬೇರೆ. ‘ಓನರ್’ ಎಂಬುದು ಮೊದಲನೆಯದು. ಪೋರ್ಟಲ್ ನಿಮ್ಮ ಪರವಾಗಿ ಖಾತೆಯ ಆಕ್ಸೆಸ್ ಕೀ ತೆಗೆದು ಬಳಸುವುದರಿಂದ ಅಲ್ಲಿ ಫೈಲು ತೆರೆಯುತ್ತದೆ. ನಿಮ್ಮ ಪ್ರೋಗ್ರಾಂ ನಿಮ್ಮ ಗುರುತಿನಲ್ಲಿ ಕೇಳುವುದರಿಂದ ನಿರಾಕರಣೆಯಾಗುತ್ತದೆ. ‘ಸ್ಟೋರೇಜ್ ಬ್ಲಾಬ್ ಡೇಟಾ ರೀಡರ್’ ರೋಲ್ ಅನ್ನು ಆ ಕಂಟೇನರಿನ ಮಟ್ಟಕ್ಕೆ ಕೊಟ್ಟುಕೊಂಡು ಹತ್ತು ನಿಮಿಷ ಕಾಯಿರಿ. ಬದಲಾವಣೆ ಎಲ್ಲೆಡೆ ಹರಡಲು ಅಷ್ಟು ಹೊತ್ತು ಹಿಡಿಯಬಹುದು. ಕೊಟ್ಟ ಕೂಡಲೇ ಕೆಲಸವಾಗಲಿಲ್ಲವೆಂದು ಇನ್ನೂ ಮೂರು ರೋಲ್‌ಗಳನ್ನು ಸೇರಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಆಮೇಲೆ ಯಾವುದರಿಂದ ಸರಿಯಾಯಿತೆಂದು ಅವರಿಗೇ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಕಚೇರಿಯ ಹಳೆಯ ಕಂಪ್ಯೂಟರಿನಿಂದ ದಿನವೂ ಎಸ್‌3ಗೆ ಫೈಲು ಏರಿಸುತ್ತೇವೆ. ರಾತ್ರಿ ಕರೆಂಟು ಹೋದ ಮರುದಿನ ಬೆಳಗ್ಗೆ 403 ಬರುತ್ತದೆ. ಯಾರಾದರೂ ಬಂದು ಒಮ್ಮೆ ಕಂಪ್ಯೂಟರ್ ನೋಡಿದರೆ ಸರಿಹೋಗುತ್ತದೆ. ಕೀ ಬದಲಿಸಿದರೂ ಪ್ರಯೋಜನವಾಗಲಿಲ್ಲ.
(ಸಹಕಾರ ಸಂಘದ ಸಿಬ್ಬಂದಿ, ಚಿತ್ರದುರ್ಗ)

ಉತ್ತರ: ಕಂಪ್ಯೂಟರಿನ ಗಡಿಯಾರವನ್ನು ನೋಡಿ. ಎಸ್‌3ಗೆ ಹೋಗುವ ಪ್ರತಿ ಕೋರಿಕೆಯ ಸಹಿಯಲ್ಲೂ ಸಮಯ ಸೇರಿರುತ್ತದೆ. ಸರ್ವರಿನ ಸಮಯಕ್ಕೂ ನಿಮ್ಮ ಸಮಯಕ್ಕೂ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಕದ್ದಿಟ್ಟ ಹಳೆಯ ಕೋರಿಕೆಯನ್ನು ಯಾರೋ ಮತ್ತೆ ಕಳಿಸುತ್ತಿರಬಹುದೆಂದು ಅದನ್ನು ತಿರಸ್ಕರಿಸುತ್ತದೆ. ದೋಷದ ಪೂರ್ತಿ ಸಂದೇಶದಲ್ಲಿ ‘ರಿಕ್ವೆಸ್ಟ್ ಟೈಮ್ ಟೂ ಸ್ಕ್ಯೂಡ್’ ಎಂದಿದ್ದರೆ ಅನುಮಾನವೇ ಬೇಡ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿರುವ ಕಂಪ್ಯೂಟರು ಕರೆಂಟು ಹೋದಾಗಲೆಲ್ಲ ದಿನಾಂಕವನ್ನು ಮರೆಯುತ್ತದೆ; ಬೆಳಗ್ಗೆ ಬಂದವರು ಗಡಿಯಾರ ಸರಿಮಾಡಿದ ಮೇಲೆ ಫೈಲು ಏರುತ್ತದೆ. ‘ಸಿಆರ್2032’ ಎಂಬ ಬ್ಯಾಟರಿಯನ್ನು ಬದಲಿಸಿ. ಇಂಟರ್ನೆಟ್ಟಿನಿಂದ ತಾನಾಗಿಯೇ ಸಮಯ ಪಡೆಯುವ ಆಯ್ಕೆಯನ್ನು ಆನ್ ಮಾಡಿ. ಗಡಿಯಾರ ಸರಿಯಾಗಿ ಕಂಡರೂ ಟೈಮ್ ಝೋನ್ ತಪ್ಪಿದ್ದರೆ ಇದೇ ದೋಷ ಬರುತ್ತದೆ, ಏಕೆಂದರೆ ಭಾರತದ ಸಮಯವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ತಿಳಿದ ಕಂಪ್ಯೂಟರು ಐದೂವರೆ ಗಂಟೆ ಮುಂದಿರುತ್ತದೆ. ಬದಲಿಸಿದ ಹಳೆಯ ಕೀ ಇನ್ನೂ ಸಕ್ರಿಯವಾಗಿದ್ದರೆ ಅದನ್ನು ನಿಷ್ಕ್ರಿಯಗೊಳಿಸಿ, ಒಂದು ವಾರ ಏನೂ ನಿಲ್ಲದಿದ್ದರೆ ಅಳಿಸಿಬಿಡಿ.